ತಿಪ್ಪಮ್ಮನ ಸಿಲಿಂಡರ್

ನೆಂಟರೆಲ್ಲ ಹಿಂದಿನ ಸಂಜೆಯ ಬಸ್ಸಿಗೇ ಹೊರಟು ಹೋಗಿದ್ದರು. ಶಿವಗಣಾರಾಧನೆಗೆಂದು ಅಂಗಳದಲ್ಲಿ ಹಾಕಿದ್ದ ಶಾಮಿಯಾನವನ್ನು ಬಿಚ್ಚಿಕೊಂಡು ಹೋದವರು ಗಳ ನೆಟ್ಟ ಗುಂಡಿಗಳನ್ನು ಮುಚ್ಚಿರಲಿಲ್ಲ. ಬೆಳಕು ಇನ್ನೂ ಹರಿದಿರಲಿಲ್ಲ. ಗೋಡೆಯ ಗೂಡಿನಲ್ಲಿಟ್ಟಿದ್ದ ಗುರುಬಸವರಾಜನ ಫೋನು ಗುರ್ರೆಂದಿತು. ಸಂಧ್ಯಾರಾಣಿ ಎದ್ದಳು, ಸೆರಗು ಸರಿಮಾಡಿಕೊಂಡಳು, ಹೋಗಿ ಅಂಗಳದ ಗೇಟಿನ ಎರಡೂ ಬಾಗಿಲು ತೆರೆದಳು. ಮದುವೆಯಾಗಿ ನ್ಯಾಮತಿಗೆ ಬಂದಾಗಿನಿಂದ ಅವಳ ದಿನ ಶುರುವಾಗುತ್ತಿದ್ದದ್ದೇ ಹಾಗೆ. ಗಂಡ ಗುರುಬಸವರಾಜನ ಗಾಡಿ ಹೊರಗೆ ಹೋಗಬೇಕು, ಅದಕ್ಕೆ ಗೇಟು ತೆರೆಯಬೇಕು. ಚಿಲಕ ಹಿಡಿದು ನಿಂತ ಮೇಲೆ ನೆನಪಾಯಿತು, ಹೊರಗೆ ಹೋಗುವವರು ಯಾರೂ ಇಲ್ಲ ಎಂದು.

ಆದರೂ ಮುಚ್ಚಲಿಲ್ಲ. ಪಕ್ಕದ ಮನೆಯ ಅಂಜಿನಮ್ಮನ ಆಡು ಸಲೀಸಾಗಿ ಒಳಗೆ ಬಂದು, ಮೂಲೆಯಲ್ಲಿ ಗುಡ್ಡೆ ಹಾಕಿದ್ದ ಚೆಂಡುಹೂವಿನ ಹಾರಗಳನ್ನು ಮೇಯತೊಡಗಿತು. ಅವಳು ಅದನ್ನು ನೋಡುತ್ತ ನಿಂತಳು. ಹಲ್ಲು ಕೀಳಿಸಿಕೊಂಡ ಮೇಲೆ ದವಡೆ ತನ್ನದಲ್ಲ ಎನಿಸುತ್ತದಲ್ಲ, ಮುಟ್ಟಿದರೆ ಬೆರಳಿಗೆ ಗೊತ್ತಾಗುತ್ತದೆ, ದವಡೆಗೆ ಗೊತ್ತಾಗುವುದಿಲ್ಲ. ಮಣ್ಣು ಮಾಡಿ ಬಂದ ದಿನದಿಂದ ಅವಳಿಗೆ ಇಡೀ ಮೈ ಹಾಗಿತ್ತು. ಅತ್ತಿರಲಿಲ್ಲ. ಅಳಲಿಲ್ಲವೆಂದು ಊರವರು ಒಂದಿಷ್ಟು ಮಾತಾಡಿಕೊಂಡಿದ್ದೂ ಅವಳಿಗೆ ಗೊತ್ತಿತ್ತು.

ಫೋನಿನಲ್ಲಿ ಬಂದಿದ್ದದ್ದು ದಿನವೂ ಬರುವ ಸಂದೇಶವೇ. ‘ಗ್ಯಾಸ್ ಟ್ರಕ್ ಬಂತು. ಪ್ರೆಷರ್ ಐತೆ. ಬರ್ರಿ.’

ಹೊನ್ನಾಳಿ ರಸ್ತೆಯ ಆ ಬಂಕಿಗೆ ಗ್ಯಾಸು ಬರುವುದು ಪೈಪಿನಲ್ಲಲ್ಲ, ದೂರದಿಂದ ಟ್ರಕ್ಕಿನಲ್ಲಿ. ಟ್ರಕ್ಕು ಬಂದ ಹೊಸತರಲ್ಲಿ ಒತ್ತಡ ಚೆನ್ನಾಗಿರುತ್ತದೆ, ಸಿ.ಎನ್.ಜಿ. ಗಾಡಿಗಳಿಗೆ ಹೊಟ್ಟೆತುಂಬ ಸಿಗುತ್ತದೆ. ತಡವಾಗಿ ಹೋದವರಿಗೆ ಅರೆಹೊಟ್ಟೆ. ಹಾಗಾಗಿ ಬಂಕಿನ ಕೆಲಸಗಾರ ಕೊಟ್ರೇಶ, ಟ್ರಕ್ಕು ಬಂದ ಕೂಡಲೇ ಡ್ರೈವರುಗಳಿಗೆಲ್ಲ ವಾಟ್ಸಾಪಿನಲ್ಲಿ ತಿಳಿಸುತ್ತಿದ್ದ. ಆ ಗುಂಪಿಗೆ ‘ಗ್ಯಾಸ್ ಬಳಗ’ ಎಂದು ಹೆಸರಿಟ್ಟವನು ಗುರುಬಸವರಾಜನೇ. ಅವನು ಹೋದದ್ದೂ ಆ ಬಂಕಿನಲ್ಲಿಯೇ, ಸಾಲಿನಲ್ಲಿ ಕಾಯುತ್ತಿದ್ದಾಗ, ಸೀಟಿನ ಮೇಲೆ ಕೂತಂತೆಯೇ. ಎದೆ ನಿಂತುಹೋಗಿತ್ತು.

‘ಬಳಗ ಅಂತೆ ಬಳಗ,’ ಎಂದು ಅತ್ತೆ ನಿರ್ಮಲಮ್ಮ ಬಾಗಿಲಲ್ಲಿ ನಿಂತು ಗೊಣಗಿದರು. ‘ಮಣ್ಣಿಗೆ ಬಂದು ರಸ್ತೆಯಾಗೇ ನಿಂತು ಹಂಗೇ ಹೋದ್ರು. ಒಬ್ಬನಾದ್ರೂ ಹೊಸ್ತಿಲು ತುಳಿದ್ನಾ? ಏ ಸಂಧ್ಯಾ, ಆ ಆಡು ಓಡ್ಸವ್ವ. ಹಾರ ತಿಂದ ಮ್ಯಾಲೆ ನಿನ್ನನ್ನೂ ತಿಂತೈತೆ, ನೀನು ಹಂಗೇ ನಿಂತಿರ್ತೀಯ.’

ಮಧ್ಯಾಹ್ನದ ಹೊತ್ತಿಗೆ ಹಾಲಸ್ವಾಮಿ ಬಂದ. ಗುರುವಿನ ಅಣ್ಣ, ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ. ಕಾರಿನಿಂದ ಇಳಿದವನ ಹಿಂದೆ ಇನ್ನೊಬ್ಬರಿದ್ದರು, ಗಾಡಿ ಕೊಳ್ಳುವವರು. ಹಾಲಸ್ವಾಮಿ ಕೆಟ್ಟವನಲ್ಲ. ತಮ್ಮನ ಹೆಂಡತಿ ಮುಂದೆ ಹೇಗೆ ಬದುಕಬೇಕು ಎಂಬುದನ್ನು ಅವಳಿಗಿಂತ ಮೊದಲು ಯೋಚಿಸಿದವನು ಅವನೇ. ಸಂಧ್ಯಾರಾಣಿ ದಾವಣಗೆರೆಯ ವಿಶ್ವವಿದ್ಯಾಲಯದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದವಳು, ಹೊನ್ನಾಳಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಆ ಕೆಲಸ ಬೇಸಿಗೆಗೆ ಮುಗಿದಿತ್ತು. ಮತ್ತೆ ಕರೆಯುತ್ತಾರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಬೆಲೆ ಬಾಳುವುದೆಂದರೆ ಆ ಗಾಡಿಯೊಂದೇ.

‘ನೋಡವ್ವ, ಒಳ್ಳೆ ಗಿರಾಕಿ ಸಿಕ್ಕಾರೆ,’ ಎಂದ ಹಾಲಸ್ವಾಮಿ, ದನಿ ತಗ್ಗಿಸಿ. ‘ಇವತ್ತೇ ತೋರ್ಸಿ ಮುಗಿಸಿಬಿಡಾನ. ಈಗೆಲ್ಲಾ ಕರೆಂಟ್ ಗಾಡಿ ಬರಾಕೆ ಹತ್ಯಾವೆ. ಇನ್ನೆರಡು ವರ್ಷ ಹೋದ್ರೆ ಗ್ಯಾಸ್ ಗಾಡೀನ ಮೂಸಿ ನೋಡೋರಿರಲ್ಲ.’

ಕೊಳ್ಳುವವರು ಗಾಡಿಯ ಸುತ್ತ ಒಂದು ಸುತ್ತು ಬಂದರು. ಚಿಕ್ಕ ಸರಕು ಗಾಡಿ. ಪೆಟ್ರೋಲಿನಲ್ಲೂ ಓಡುತ್ತದೆ, ಗ್ಯಾಸಿನಲ್ಲೂ ಓಡುತ್ತದೆ. ಕ್ಯಾಬಿನ್ನಿನ ಬೆನ್ನಿಗೆ ಅಡ್ಡಲಾಗಿ ಗ್ಯಾಸಿನ ಸಿಲಿಂಡರ್ ಮಲಗಿತ್ತು, ಮೇಲೆ ತಾಡಪಾಲು. ಅವರು ತಾಡಪಾಲು ಸರಿಸಿ, ಧೂಳನ್ನು ಅಂಗೈಯಿಂದ ಒರೆಸಿದರು. ಕೆಂಪು ಬಣ್ಣದಲ್ಲಿ, ಬರೆಯಲು ಕಲಿಯುವವರ ಕೈಬರಹದಂಥ ದೊಡ್ಡ ದೊಡ್ಡ ಅಕ್ಷರಗಳು ಕಾಣಿಸಿದವು.

‘ತಿಪ್ಪಮ್ಮ,’ ಎಂದು ಓದಿದರು. ‘ಯಾರ್ರಿ ಇದು? ಮನೆಯೋರ ಹೆಸರಾ?’

ನಿರ್ಮಲಮ್ಮ ಸೊಸೆಯ ಮುಖ ನೋಡಿದರು, ಆಮೇಲೆ ದೊಡ್ಡ ಮಗನ ಮುಖ ನೋಡಿದರು.

‘ನಮ್ಮ ಮನೆತನದಾಗೆ ಆ ಹೆಸರಿನೋರು ಯಾರೂ ಇಲ್ಲ,’ ಎಂದರು.

‘ಊರ ದೇವ್ರು ಗೀವ್ರು ಇರಬೇಕು ಬಿಡಮ್ಮ,’ ಎಂದ ಹಾಲಸ್ವಾಮಿ.

‘ಯಾವೂರ ದೇವ್ರು? ನನಗೆ ಗೊತ್ತಿಲ್ದ ದೇವ್ರು?’

ಗಿರಾಕಿ ನಕ್ಕರು. ಹೆಸರು ಯಾರದಾದರೇನು, ಸಿಲಿಂಡರಿನ ಟೆಸ್ಟಿಂಗ್ ತಾರೀಖು ಇನ್ನೂ ದೂರವಿತ್ತು, ಅವರಿಗೆ ಬೇಕಾದದ್ದು ಅದು. ನಾಳಿದ್ದು ಬಂದು ಗಾಡಿ ಒಯ್ಯುತ್ತೇನೆ ಎಂದು ಹೇಳಿ ಹಾಲಸ್ವಾಮಿಯ ಕಾರಿನಲ್ಲೇ ಹೊರಟರು.

ಅವರು ಹೋದ ಮೇಲೆ ನಿರ್ಮಲಮ್ಮ ಜಗಲಿಯ ಮೇಲೆ ಕೂತವರು ಏಳಲೇ ಇಲ್ಲ. ‘ನನ್ನ ಮಗ ಅಂಥೋನಲ್ಲ,’ ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ‘ಅಂಥೋನಲ್ಲ ಕಣವ್ವ,’ ಎಂದರು. ಸಂಧ್ಯಾರಾಣಿಗೆ ನಗು ಬರಬೇಕಾಗಿತ್ತು, ಅಥವಾ ಸಿಟ್ಟು. ಎರಡೂ ಬರಲಿಲ್ಲ. ಅವಳು ಹೋಗಿ ಸಿಲಿಂಡರಿನ ಮೇಲೆ ಕೈಯಿಟ್ಟಳು. ಹೆಣ್ಣು ನೋಡಲು ಬಂದಾಗ ಗುರು ಕೇಳಿದ್ದ ಒಂದೇ ಪ್ರಶ್ನೆ ನೆನಪಾಯಿತು: ‘ನೀವು ಕೆಮಿಸ್ಟ್ರಿ ಅಂತೆ. ನಮ್ಮ ಗಾಡಿ ಗ್ಯಾಸು ಸೋರಿದ್ರೆ ಮ್ಯಾಲಕ್ಕೆ ಹೋಗ್ತೈತೋ ಕೆಳಕ್ಕೆ ಕೂರ್ತೈತೋ?’ ಮೇಲಕ್ಕೆ ಹೋಗುತ್ತದೆ, ಮೀಥೇನು ಗಾಳಿಗಿಂತ ಹಗುರ, ಅಡುಗೆ ಗ್ಯಾಸಿನ ಹಾಗಲ್ಲ ಎಂದಿದ್ದಳು. ‘ಹಂಗಾದ್ರೆ ಒಪ್ಪಿಗೆ,’ ಎಂದಿದ್ದ. ಗ್ಯಾಸಿಗೋ ಅವಳಿಗೋ ಎಂದು ಅವಳ ಅಪ್ಪ ತುಂಬಾ ಹೊತ್ತು ಯೋಚಿಸಿದ್ದರು.

ಒಳಗೆ ಬಂದು ಅವನ ಫೋನು ತೆಗೆದಳು. ಬಳಗದಲ್ಲಿ ಯಾರೋ ಟೊಮೆಟೊ ರೇಟಿನ ಬಗ್ಗೆ ಜಗಳವಾಡುತ್ತಿದ್ದರು. ಅವಳು ಟೈಪಿಸಿದಳು: ‘ತಿಪ್ಪಮ್ಮ ಯಾರು?’

ಕಳಿಸಿದ ಮೇಲೆ ತಾನು ಮಾಡಿದ್ದೇನೆಂದು ಹೊಳೆಯಿತು. ಸತ್ತವನ ನಂಬರಿನಿಂದ ಪ್ರಶ್ನೆ ಹೋಗಿತ್ತು. ಟೊಮೆಟೊ ಜಗಳ ಅಲ್ಲಿಗೇ ನಿಂತುಹೋಯಿತು. ತುಸು ಹೊತ್ತಿಗೆ ಫೋನು ರಿಂಗಾಯಿತು.

‘ಯಾ... ಯಾರು ಮಾತಾಡಾದು?’

‘ನಾನು ಸಂಧ್ಯಾರಾಣಿ.’

‘ಅಯ್ಯೋ ಅಕ್ಕಾ!’ ಕೊಟ್ರೇಶನ ಉಸಿರು ಫೋನಿನಲ್ಲೇ ಕೇಳಿಸಿತು. ‘ಜೀವ ಬಾಯಿಗೆ ಬಂದಿತ್ತು. ನಮ್ಮ ಬೆನಕಪ್ಪಣ್ಣ ಮೆಸೇಜ್ ನೋಡಿದ್ದೇ ತಡ, ಗಾಡಿ ಆಫ್ ಮಾಡದೇ ಹನುಮಪ್ಪನ ಗುಡಿಯಾಗೆ ಹೋಗಿ ಕುಂತಾನೆ.’

‘ಕ್ಷಮಿಸಿ. ಸಿಲಿಂಡರ್ ಮೇಲೆ ಆ ಹೆಸರಿದೆ. ಯಾರದು?’

ಕೊಟ್ರೇಶ ಒಂದೊಂದೇ ಬಿಡಿಸಿ ಹೇಳಿದ. ಗ್ಯಾಸ್ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸಬೇಕು, ಇಲ್ಲವಾದರೆ ಬಂಕಿನಲ್ಲಿ ಗ್ಯಾಸ್ ತುಂಬುವಂತಿಲ್ಲ. ಗುರುವಿನ ಸಿಲಿಂಡರಿನ ತಾರೀಖು ಮುಗಿದಿತ್ತು. ‘ನಾನೇ ಹಾಕಲ್ಲ ಅಂದಿದ್ದೆ ಅಕ್ಕಾ. ಸ್ನೇಹ ಬ್ಯಾರೆ, ಪ್ರೆಷರ್ ಬ್ಯಾರೆ.’ ಸಿಲಿಂಡರ್ ಬಿಚ್ಚಿ ಟೆಸ್ಟಿಗೆ ಕಳಿಸಿದರೆ ವಾರಗಟ್ಟಲೆ ಗಾಡಿ ನಿಲ್ಲುತ್ತದೆ. ಆಗ ಜಗಳೂರು ಕಡೆಯ ಸೊಕ್ಕೆ ಊರಿನ ಪಾಲಣ್ಣ ಎಂಬ ಡ್ರೈವರು, ನನ್ನ ಗಾಡಿ ಇಂಜಿನ್ ಬಿಚ್ಚಿಸಿಕೊಂಡು ಗ್ಯಾರೇಜಿನಲ್ಲಿ ಸುಮ್ಮನೆ ಕುಂತೈತೆ, ಅಲ್ಲೀತನಕ ನನ್ನ ಸಿಲಿಂಡರ್ ನೀನು ಹಾಕ್ಕ ಎಂದು ಕೊಟ್ಟಿದ್ದ. ತಿಪ್ಪಮ್ಮ ಅವನ ಹೆಂಡತಿ.

‘ನಮ್ಮ ಸಿಲಿಂಡರ್ ಎಲ್ಲಿದೆ?’

‘ಟೆಸ್ಟಲ್ಲಿ ಫೇಲ್ ಆತಕ್ಕಾ. ಫೇಲ್ ಆದದ್ದನ್ನ ವಾಪಸ್ ಕೊಡಲ್ಲ, ಅಲ್ಲೇ ಕೊಯ್ದು ಹಾಕ್ತಾರೆ. ಅಣ್ಣಗೆ ಗೊತ್ತಿತ್ತು. ಮನ್ಯಾಗೆ ಹೇಳಿರಲಿಲ್ಲ ಅನ್ಸುತ್ತೆ. ಹೊಸದು ತರಾನ ಅಂತಿದ್ದ.’

‘ಪಾಲಣ್ಣ ಅವರ ಗಾಡಿ ಈಗ?’

‘ಇಂಜಿನ್ ರೆಡಿಯಾಗಿ ಶ್ಯಾನೆ ದಿನ ಆತು. ಸಿಲಿಂಡರ್ ಇಲ್ಲ. ಪೆಟ್ರೋಲ್ ಹಾಕಿ ಓಡಿಸಿದ್ರೆ ಬಾಡಿಗೆ ಎಲ್ಲಾ ಟ್ಯಾಂಕಿಗೇ ಹೋಗ್ತೈತೆ. ಬರಾ ಬಾಡಿಗೆ ಬಿಟ್ಟು ಯಾರದೋ ಹೊಲಕ್ಕೆ ಕೂಲಿಗೆ ಹೋಗ್ತಾನೆ. ಕೇಳೋ ಮಾರಾಯ ಅಂದ್ರೆ, ಸತ್ತ ಮನೇಗೆ ಹೋಗಿ ಕಬ್ಬಿಣ ಕೊಡು ಅಂತ ಹೆಂಗ್ ಕೇಳಾದು ಅಂತಾನೆ.’

ಸಂಧ್ಯಾರಾಣಿ ಹಾಲಸ್ವಾಮಿಗೆ ಫೋನು ಮಾಡಿ ಎಲ್ಲ ಹೇಳಿದಳು. ಅವನು ಇನ್ನೂ ಚನ್ನಗಿರಿ ತಲುಪಿರಲಿಲ್ಲ.

‘ಆ ಪಾಲಣ್ಣ ಬಂದು ಕೇಳಿದ್ನಾ?’ ಎಂದ ಅವನು.

‘ಇಲ್ಲ ಭಾವ.’

‘ಕೇಳದ್ದನ್ನ ನೀನ್ಯಾಕೆ ತಲೆ ಮ್ಯಾಲೆ ಹೊತ್ಕಂಡು ಹೋಗ್ತಿ? ಸಿಲಿಂಡರ್ ಇಲ್ಲ ಅಂದ್ರೆ ಇವರು ಗಾಡೀನೇ ಬ್ಯಾಡ ಅಂತಾರೆ. ಅವರಿಗೆ ಬೇಕಾಗಿರಾದು ಗ್ಯಾಸ್ ಗಾಡಿ. ಮೊದ್ಲು ಮಾರಾನ. ಆಮ್ಯಾಕೆ ಅವನು ಬಂದ್ರೆ ನಾನು ಏನಾದ್ರೂ ನೋಡ್ತೀನಿ.’

‘ಅವರು ಬರಲ್ಲ.’

‘ಬರದಿದ್ರೆ ಮುಗೀತಲ್ಲ.’

ಅವಳಿಗೆ ಮಾತು ತಡವಾಗಿ ಸಿಕ್ಕಿತು. ಈಚೆಗೆ ಎಲ್ಲವೂ ಹಾಗೇ, ಬಾವಿಯಾಳದಿಂದ ಕೊಡ ಮೇಲೆ ಬಂದ ಹಾಗೆ. ‘ಭಾವ, ಮಾರಿದರೆ ಕದ್ದವರು ನಾವಾಗಲ್ಲ. ಇಸ್ಕೊಂಡಿದ್ದು ನಿಮ್ಮ ತಮ್ಮ. ಸತ್ತ ಮೇಲೆ ಅವರನ್ನ ಕಳ್ಳ ಮಾಡೋದು ಬೇಡ.’

‘ನಿನ್ನಿಷ್ಟ,’ ಎಂದ ಹಾಲಸ್ವಾಮಿ. ಸಿಟ್ಟಿರಲಿಲ್ಲ, ದಣಿವಿತ್ತು. ‘ಗಾಡಿ ಬಾಗ್ಲಾಗೇ ಉಳ್ಕಂತು ಅಂತ ನಾಳೆ ನನ್ನ ಬೈಬ್ಯಾಡ. ಇನ್ನೊಬ್ಬ ಗಿರಾಕಿ ಸಿಕ್ತಾನೆ ಅಂತ ನಾನು ಹೇಳಾಕಾಗಲ್ಲ.’

ನಿರ್ಮಲಮ್ಮ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ತಿಪ್ಪಮ್ಮ ಇನ್ನೊಬ್ಬರ ಹೆಂಡತಿ ಎಂದು ತಿಳಿದ ಮೇಲೆ ಅವರ ಮುಖಕ್ಕೆ ಬಣ್ಣ ಬಂದಿತ್ತು. ‘ಯಾವತ್ತು ಕೊಡಾದು?’ ಎಂದರು.

‘ನಾಳೆ.’

‘ಒಳಗೆ ಗ್ಯಾಸ್ ಎಷ್ಟೈತೆ?’

ಸಂಧ್ಯಾರಾಣಿ ಹೋಗಿ ಗ್ಯಾಸಿನ ಮೀಟರಿನ ಮುಳ್ಳು ನೋಡಿ ಬಂದಳು. ‘ತಳದಲ್ಲಿದೆ.’

‘ಹಂಗಾದ್ರೆ ಹೆಂಗ್ ಕೊಡ್ತಿ? ಮಜ್ಜಿಗೆ ಇಸ್ಕಂಡ ತಂಬಿಗೆ ಕೊಡಾವಾಗಲೂ ಒಂದು ಚಿಟಿಕೆ ಸಕ್ರೆ ಹಾಕಿ ಕೊಡ್ತೀವಿ. ಬರಿದು ಪಾತ್ರೆ ಯಾರಾದ್ರೂ ತಿರುಗಿಸ್ತಾರಾ?’

‘ಅತ್ತೆ, ಅದು ಗ್ಯಾಸ್ ಸಿಲಿಂಡರ್.’

‘ಗ್ಯಾಸೇ ತುಂಬ್ಸು. ನಾನೇನು ಸಕ್ರೆ ಹಾಕು ಅಂದ್ನಾ?’

ತುಂಬಿಸಬೇಕೆಂದರೆ ಆ ಬಂಕಿಗೇ ಹೋಗಬೇಕು. ಸಾಲಿನಲ್ಲಿ ನಿಲ್ಲಬೇಕು. ಅದು ಇಬ್ಬರಿಗೂ ಗೊತ್ತಿತ್ತು. ‘ನಾನೂ ಬರ್ತೀನಿ,’ ಎಂದಷ್ಟೇ ಹೇಳಿದರು ನಿರ್ಮಲಮ್ಮ.

ಮಾರನೆಯ ಬೆಳಗ್ಗೆ ಸಂದೇಶ ಬಂದ ಕೂಡಲೇ ಹೊರಟರು. ಕಾಲುವೆ ಏರಿಯ ಮೇಲಿನ ರಸ್ತೆಯಲ್ಲಿ ಗುರುವೇ ಅವಳಿಗೆ ಗಾಡಿ ಕಲಿಸಿದ್ದ, ಲೈಸೆನ್ಸೂ ಮಾಡಿಸಿದ್ದ. ಆದರೆ ಸೀಟು ಅವನ ಉದ್ದನೆಯ ಕಾಲಿಗೆ ತಕ್ಕಂತೆ ಹಿಂದಕ್ಕಿತ್ತು. ಅವಳ ಕಾಲು ಕ್ಲಚ್ಚಿಗೆ ಎಟುಕಲಿಲ್ಲ. ಕೆಳಗಿನ ಸರಳು ಎತ್ತಿ ಸೀಟನ್ನು ಮುಂದಕ್ಕೆ ಎಳೆದಳು. ಕರಕ್ ಎಂದು ಸದ್ದಾಯಿತು. ಇನ್ನು ಅದನ್ನು ಹಿಂದಕ್ಕೆ ದೂಡುವವರು ಯಾರೂ ಇಲ್ಲ ಎಂದುಕೊಂಡಳು. ಅಂದುಕೊಂಡದ್ದಷ್ಟೇ; ನೋವು ಇನ್ನೂ ಎಲ್ಲೋ ದೂರದಲ್ಲಿತ್ತು, ಹೊರಟಿರುವ ಆದರೆ ಬರದ ಬಸ್ಸಿನ ಹಾಗೆ.

ಬಂಕಿನಲ್ಲಿ ಆಗಲೇ ಉದ್ದನೆಯ ಸಾಲು. ಅವಳು ಬಾಲದಲ್ಲಿ ನಿಲ್ಲಿಸಿ ಇಂಜಿನ್ ಆರಿಸಿದಳು. ಮುಂದೆ ಡ್ರೈವರುಗಳು ಗುಂಪು ಕೂಡಿ ಚಹಾ ಕುಡಿಯುತ್ತಿದ್ದರು.

‘ಮುಂದೆ ಹೈಡ್ರೋಜನ್ ಅಂತಲ್ಲೋ. ನೀರಿನಾಗಿಂದ ತೆಗೀತಾರಂತೆ. ನೀರು ಹಾಕಿದ್ರೆ ಗಾಡಿ ಓಡ್ತೈತೆ.’

‘ಹಂಗಾದ್ರೆ ನೀರಿಲ್ದ ಜಗಳೂರಿನೋರು ನಡಕಂಡೇ ಹೋಗ್ಬೇಕು ಬಿಡು.’

‘ನಮ್ಮ ಮಾವ ಕರೆಂಟ್ ಆಟೋ ತಗಂಡಾನೆ. ಕರೆಂಟ್ ಹೋದಾಗೆಲ್ಲಾ ಅವನೂ ಮಲಗ್ತಾನೆ, ಆಟೋನೂ ಮಲಗ್ತೈತೆ. ಅತ್ತೆ ಇಬ್ರಿಗೂ ಬೈತಾಳೆ.’

ನಗು ಎದ್ದಿತು. ಅಷ್ಟರಲ್ಲಿ ಯಾರೋ ಹಿಂದಕ್ಕೆ ನೋಡಿದರು. ಗಾಡಿಯ ಗುರುತು ಹತ್ತಿತು. ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು. ನಗು, ಒಲೆಗೆ ನೀರು ಬಿದ್ದಂತೆ ಆರಿಹೋಯಿತು. ಚಹಾದ ಕಪ್ಪು ಬಿಸುಟು ಎಲ್ಲರೂ ಅವರವರ ಗಾಡಿಗೆ ಹೋಗಿ ನಿಂತರು.

‘ನೋಡಿದ್ಯಾ?’ ಎಂದರು ನಿರ್ಮಲಮ್ಮ. ‘ಮುಖ ತಿರುಗಿಸ್ತಾರೆ. ನನ್ನ ಮಗ ಇವರಿಗೇನು ಅನ್ಯಾಯ ಮಾಡಿದ್ದ?’

ಅವಳ ಹಿಂದೆಯೂ ಗಾಡಿಗಳು ಬಂದು ನಿಂತವು. ಸಾಲು ಸರಿಯಿತು. ಮುಂದಿನ ಗಾಡಿ ಹೋಗಿ ಅವಳ ಮುಂದೆ ಜಾಗ ಬಿತ್ತು. ಕಾಯುವ ಸಾಲಿನಲ್ಲಿ ಯಾರೂ ಮತ್ತೆ ಮತ್ತೆ ಇಂಜಿನ್ ಶುರು ಮಾಡುವುದಿಲ್ಲ, ಇಂಧನ ದಂಡ. ಹಿಂದಿನವರು ಮುಂದಿನ ಗಾಡಿಯನ್ನು ತಳ್ಳುತ್ತಾರೆ, ಅವರ ಹಿಂದಿನವರು ಅವರದನ್ನು. ಗುರು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದ. ಬೇಗ ಬಂದು ಕಣ್ಣು ಮುಚ್ಚಿದರೂ ಪರವಾಗಿಲ್ಲ, ಬಳಗದವರು ನಿದ್ದೆ ಕೆಡಿಸದೆ ತಳ್ಳಿಕೊಂಡು ಹೋಗಿ ಗ್ಯಾಸಿನ ಪೈಪಿನ ಬುಡಕ್ಕೇ ಬಿಡುತ್ತಾರೆ, ತೊಟ್ಟಿಲು ತೂಗಿದಂಗೆ ಇರುತ್ತದೆ ಎನ್ನುತ್ತಿದ್ದ.

ಅವಳ ಮುಂದಿನ ಜಾಗ ದೊಡ್ಡದಾಗುತ್ತ ಹೋಯಿತು. ಹಿಂದಿನಿಂದ ಯಾರೂ ಹಾರ್ನ್ ಹೊಡೆಯಲಿಲ್ಲ. ಯಾರೂ ತಳ್ಳಲೂ ಇಲ್ಲ. ಕನ್ನಡಿಯಲ್ಲಿ ನೋಡಿದಳು. ಹಿಂದಿನ ಗಾಡಿಯ ಬೆನಕಪ್ಪ, ನರೆತ ಮೀಸೆಯ ಭಾರಿ ಆಳು, ಅವಳ ಗಾಡಿಯ ಹಿಂಬದಿಯ ಹಲಗೆಯ ತನಕ ಬಂದು ಕೈ ಎತ್ತುತ್ತಿದ್ದ, ಮುಟ್ಟದೆ ಇಳಿಸುತ್ತಿದ್ದ.

ಆಗ ಅವಳಿಗೆ ಅರ್ಥವಾಯಿತು. ಅವಳೊಳಗೆ ಒಂದು ಲೆಕ್ಕ ಕೂಡದೆ ಉಳಿದಿತ್ತು. ಆಸ್ಪತ್ರೆಯವರು, ತಂದಾಗಲೇ ಮೈ ತಣ್ಣಗಾಗಿತ್ತು, ಹೋಗಿ ಬಹಳ ಹೊತ್ತಾಗಿತ್ತು ಎಂದಿದ್ದರು. ಬಂಕಿನವರು, ಪೈಪಿನ ಹತ್ತಿರ ಬಂದಾಗ ಗೊತ್ತಾಯಿತು ಎಂದಿದ್ದರು. ಸಾಲಿನ ಬಾಲದಿಂದ ಪೈಪಿನವರೆಗೆ ಗಾಡಿ ತಾನಾಗಿ ಬರುವುದಿಲ್ಲ.

ಕೊಟ್ರೇಶ ಓಡಿ ಬಂದ. ಎಳೆ ಮುಖದವನು, ಬಂಕಿನ ನೀಲಿ ಅಂಗಿ. ‘ಅಕ್ಕಾ, ನೀವ್ಯಾಕೆ ಬರಾಕೆ ಹೋದ್ರಿ? ನಾನೇ ಬಂದು...’

‘ಅವತ್ತು ತಳ್ಳಿದಿರಲ್ಲ?’ ಎಂದಳು.

ಅವನು ನೆಲ ನೋಡಿದ. ‘ನಿದ್ದೆ ಮಾಡ್ತಾನೆ ಅಂದ್ಕಂಡ್ವಿ ಅಕ್ಕಾ. ಹಿಂದಿನ ದಿನ ದೂರದ ಲೋಡ್ ಹೋಗಿ ಬಂದಿದ್ದ. ಎಬ್ಬಿಸಬ್ಯಾಡ್ರೋ ಅಂತ ಬೆನಕಪ್ಪಣ್ಣನೇ ಎಲ್ರಿಗೂ ಹೇಳಿದ್ದ. ಹಾರ್ನ್ ಕೂಡಾ ಹೊಡೀಬ್ಯಾಡ್ರಿ ಅಂದಿದ್ದ. ಅಷ್ಟು ದೂರದಿಂದ ಮೆಲ್ಲಕೆ ತಳ್ಕಂಡು ಬಂದ್ವಿ. ಗ್ಯಾಸ್ ಹಾಕಾವಾಗ ಗಾಡಿಯಾಗೆ ಯಾರೂ ಕೂರಂಗಿಲ್ಲಲ್ಲ, ಇಳಿಯಣ್ಣಾ ಅಂತ ಬಾಗ್ಲು ಬಡಿದೆ...’ ಪೈಪಿನ ಕಡೆ ಒಮ್ಮೆ ತಿರುಗಿ ನೋಡಿದ. ‘ಡಾಕ್ಟ್ರು ಹೇಳಿದ್ರು, ಮೊದ್ಲೇ ಎಬ್ಬಿಸಿದ್ರೂ ಏನೂ ಆಗ್ತಿರಲಿಲ್ಲ ಅಂತ. ಆದ್ರೂ ಅಕ್ಕಾ, ಯಾವ ಮುಖ ಹೊತ್ಕಂಡು ನಿಮ್ಮ ಹೊಸ್ತಿಲು ತುಳಿಯಾದು?’

ನಿರ್ಮಲಮ್ಮ ಬಾಯಿಗೆ ಸೆರಗು ಒತ್ತಿಕೊಂಡರು.

ಸಂಧ್ಯಾರಾಣಿ ಸ್ಟೀರಿಂಗ್ ಹಿಡಿದು ಕೂತೇ ಇದ್ದಳು. ಸ್ಮಶಾನಕ್ಕೆ ಅವನನ್ನು ಹೊತ್ತವರು ಯಾರು ಯಾರೆಂದು ಅವಳಿಗೆ ಗೊತ್ತಿತ್ತು. ಅವರಿಗಿಂತ ಮೊದಲು ಹೊತ್ತವರು ಇವರು. ಬಡಿದೆಬ್ಬಿಸದೆ, ಗದ್ದಲ ಮಾಡದೆ. ಗಾಜು ಇಳಿಸಿ ತಲೆ ಹೊರಗೆ ಹಾಕಿದಳು.

‘ಬೆನಕಪ್ಪಣ್ಣ,’ ಎಂದು ಕರೆದಳು. ‘ತಳ್ರಣ್ಣಾ.’

ಬೆನಕಪ್ಪ ಮುಖ ಒರೆಸಿಕೊಂಡ. ಹಲಗೆಗೆ ಹೆಗಲು ಕೊಟ್ಟ. ಇನ್ನಿಬ್ಬರು ಓಡಿ ಬಂದರು, ಮತ್ತೊಬ್ಬ ಬಂದ. ಗಾಡಿ ಅಲುಗಿತು. ಅವರ ಕೈಯ ಬಲ ಹಲಗೆಯಿಂದ ಹಾದು, ಸೀಟಿನಿಂದ ಹಾದು, ಅವಳ ಬೆನ್ನಿಗೆ ಬಂದು ತಾಗಿತು. ಅದು ಅವಳಿಗೆ ತಿಳಿಯಿತು. ಮಣ್ಣಿನ ದಿನದಿಂದ ಮೈಗೆ ನಿಜವಾಗಿ ಏನಾದರೂ ತಾಗಿದ್ದು ಅದೇ ಮೊದಲು. ಕಣ್ಣು ತುಂಬಿ ಎದುರಿನ ಗಾಜು ಮಸುಕಾಯಿತು. ವೈಪರು ಹಾಕಲು ಕೈ ಹೋಯಿತು, ಆಮೇಲೆ ಗೊತ್ತಾಗಿ ಸುಮ್ಮನಾದಳು. ಪೈಪಿನ ಬುಡದವರೆಗೂ ಹಾಗೇ ಹೋದರು.

‘ಇಳೀಬೇಕಕ್ಕಾ,’ ಎಂದ ಕೊಟ್ರೇಶ, ಬಾಗಿಲು ಬಡಿಯದೆ, ದೂರದಿಂದ.

ಅತ್ತೆ ಸೊಸೆ ಇಬ್ಬರೂ ಇಳಿದು ನಿಂತರು. ಪೈಪು ಸುಯ್ಯೆಂದು, ತಣ್ಣಗಾಗಿ, ಮೈಮೇಲೆ ಹನಿ ಮೂಡಿಸಿಕೊಂಡಿತು. ಮುಳ್ಳು ಮೇಲೇರಿ ನಿಂತಿತು. ‘ಫುಲ್,’ ಎಂದ ಕೊಟ್ರೇಶ. ಬೆನಕಪ್ಪ ನಿರ್ಮಲಮ್ಮನ ಎದುರು ಕೈಮುಗಿದು ನಿಂತಿದ್ದ. ‘ಮನೀಗೆ ಬಾರಪ್ಪ,’ ಎಂದರು ಅವರು. ‘ಒಳಗೆ ಬಾ ಅಂದೆ. ರಸ್ತೆಯಾಗೆ ನಿಲ್ಲಾದಲ್ಲ.’

ಬಂಕು ದಾಟಿದ ಮೇಲೆ ಸಂಧ್ಯಾರಾಣಿ ಸ್ವಿಚ್ಚನ್ನು ಪೆಟ್ರೋಲಿಗೆ ತಿರುಗಿಸಿದಳು. ತುಂಬಿದ್ದು ತುಂಬಿದಂತೆಯೇ ತಲುಪಬೇಕು. ಹರಿಹರ, ದಾವಣಗೆರೆ ದಾಟಿದರು. ಜಗಳೂರಿನ ಹಾದಿಗೆ ಬಿದ್ದ ಮೇಲೆ ತೋಟಗಳು ಮುಗಿದು ಆಕಾಶ ಅಗಲವಾಯಿತು. ನಿರ್ಮಲಮ್ಮ ದಾರಿಯುದ್ದಕ್ಕೂ, ನಿಧಾನ, ಎದುರಿಗೆ ಬಸ್ ಐತೆ, ಅವನು ಕುಡಿದಾನೇನೋ ನೋಡು ಎಂದು ಗಾಡಿ ಓಡಿಸುತ್ತಲೇ ಇದ್ದರು. ಸ್ಟೀರಿಂಗ್ ಮಾತ್ರ ಸೊಸೆಯ ಕೈಯಲ್ಲಿತ್ತು.

ಸೊಕ್ಕೆಯಲ್ಲಿ ಪಾಲಣ್ಣನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬೇವಿನ ಮರದಡಿ ಅವನ ಗಾಡಿ ನಿಂತಿತ್ತು, ಮೇಲೆ ಕೋಳಿಗಳು ಸಂಸಾರ ಹೂಡಿದ್ದವು. ಮನೆಯೊಳಗಿಂದ ತೆಳ್ಳಗಿನ, ಚುರುಕು ಕಣ್ಣಿನ ಹೆಂಗಸು ಬಂದಳು.

‘ತಿಪ್ಪಮ್ಮ ನೀನೇನವ್ವಾ?’ ಎಂದರು ನಿರ್ಮಲಮ್ಮ, ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ. ‘ನಿನ್ನ ಹೆಸರು ನೋಡಿ ನಮ್ಮ ಮನ್ಯಾಗೆ ಒಂದು ದಿನ ಯಾರೂ ಸರಿಯಾಗಿ ಉಣ್ಣಲಿಲ್ಲ.’

ತಿಪ್ಪಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ‘ನಾನು ಅವತ್ತೇ ಬೈದೆ ರೀ. ಸಿಲಿಂಡರ್ ಮ್ಯಾಲೆ ನನ್ನ ಹೆಸರ್ಯಾಕೋ ಅಂದ್ರೆ, ಒಳಗೆ ಪ್ರೆಷರ್ ಐತೆ, ಯಾವಾಗ ಸಿಡೀತೈತೋ ಗೊತ್ತಿಲ್ಲ, ಅದಕ್ಕೆ ಅಂತಾನೆ.’

ನಿರ್ಮಲಮ್ಮ ನಕ್ಕರು. ನಕ್ಕು, ತಾವು ನಕ್ಕದ್ದಕ್ಕೆ ಗಾಬರಿಯಾದವರಂತೆ ಸೊಸೆಯನ್ನು ನೋಡಿದರು. ಸಂಧ್ಯಾರಾಣಿ ಅವರ ಕೈ ಹಿಡಿದುಕೊಂಡಳು.

ಪಾಲಣ್ಣ ಹೊಲದಿಂದ ಬಂದ. ಮಣ್ಣುಗಾಲು, ತಲೆಗೆ ಟವೆಲು. ಗಾಡಿ ನೋಡಿದವನು ಒಳಗೆ ಬಾರದೆ ಬೇಲಿಯ ಹತ್ತಿರವೇ ನಿಂತ. ‘ಇದಕ್ಕೋಸ್ಕರ ಇಷ್ಟು ದೂರ ಬಂದ್ರಾ? ಬ್ಯಾಡಕ್ಕಾ. ನಿಮ್ಮ ಗಾಡಿಗೆ ಬೇಕು. ಗುರುದು ಫೇಲ್ ಆತಂತೆ, ಕೊಟ್ರೇಶ ಹೇಳಿದ. ನೀವೇ ಇಟ್ಕಳ್ರಿ. ನಾನು ಹೆಂಗೋ ಮಾಡ್ಕಂತೀನಿ.’

‘ಹೆಂಗೆ ಮಾಡ್ಕಂತೀಯ?’ ಎಂದಳು ತಿಪ್ಪಮ್ಮ. ‘ಕೋಳಿ ಸಾಕ್ತೀಯ ಗಾಡಿ ಮ್ಯಾಲೆ?’

‘ಸುಮ್ಕಿರೇ.’

‘ಪಾಲಣ್ಣ, ಸ್ಪ್ಯಾನರ್ ತನ್ನಿ,’ ಎಂದಳು ಸಂಧ್ಯಾರಾಣಿ.

‘ಗಿರಾಕಿ ಬಂದಾರಂತೆ. ಇದಿಲ್ಲಾಂದ್ರೆ ಗಾಡಿ ಹೋಗಲ್ಲಕ್ಕಾ.’

‘ಹೋಗದಿದ್ದರೆ ನಾನೇ ಓಡಿಸ್ತೀನಿ. ಇಲ್ಲಿವರೆಗೆ ಓಡಿಸಿಕೊಂಡು ಬಂದೆನಲ್ಲ. ಸ್ಪ್ಯಾನರ್ ತನ್ನಿ.’

ಅವನು ತಂದ. ವಾಲ್ವ್ ಬಿಗಿಯಾಗಿ ಮುಚ್ಚಿದ, ಪೈಪಿನಲ್ಲಿ ಉಳಿದಿದ್ದ ಗ್ಯಾಸನ್ನು ಹೊರಬಿಟ್ಟ, ಒಂದೊಂದೇ ಬೋಲ್ಟು ಸಡಿಲಿಸಿದ. ಮುಳ್ಳಿನ ಮೇಲೆ ಕಣ್ಣು ಬಿದ್ದು ಕೈ ತಡೆಯಿತು. ‘ಫುಲ್ ಐತಲ್ಲಕ್ಕಾ. ನಾನು ಕೊಟ್ಟಾಗ ಅರ್ಧನೂ ಇರಲಿಲ್ಲ.’

‘ನಮ್ಮತ್ತೆ ಕಟ್ಟಳೆ,’ ಎಂದಳು.

ಪಟ್ಟಿಗಳು ಬಿಚ್ಚಿಕೊಂಡವು. ಪಾಲಣ್ಣ ಒಂದು ತುದಿ ಹಿಡಿದ. ತಿಪ್ಪಮ್ಮ ಮುಂದೆ ಬಂದಳು, ಸಂಧ್ಯಾರಾಣಿ ಬೇಡವೆಂದು ತಾನೇ ಇನ್ನೊಂದು ತುದಿ ಹಿಡಿದಳು. ಭಾರ ತೋಳಿಗೆ, ಹೆಗಲಿಗೆ, ಸೊಂಟಕ್ಕೆ ಇಳಿಯಿತು. ಹೆಜ್ಜೆ ಹೆಜ್ಜೆ ಹಿಂದಕ್ಕಿಡುತ್ತ ಬೇವಿನ ಮರದಡಿಗೆ ಒಯ್ದರು. ಕೋಳಿಗಳು ಕೂಗಾಡುತ್ತ ಚದುರಿದವು. ಪಾಲಣ್ಣ ತನ್ನ ಗಾಡಿಯ ಮೇಲೇರಿ, ಮಂಡಿಯೂರಿ, ಎರಡೂ ತೋಳು ಚಾಚಿ ಸಿಲಿಂಡರನ್ನು ಎದೆಗೆ ಎಳೆದುಕೊಂಡ.

‘ಹಿಡಿದ್ರಾ?’ ಎಂದಳು.

‘ಹಿಡಿದೆ. ಬಿಡ್ರಿ ಅಕ್ಕಾ.’

ಅವಳು ಬಿಟ್ಟಳು.